ನಲವತ್ತೆಂಟು

ಫಾರಂನಲ್ಲಿ ಅರವತ್ತೆರಡು ಪ್ರಶ್ನೆ.
ನೆಲ ಒಣಗಿದೆಯೆ, ಕಕ್ಕಸಿನಲ್ಲಿ ಹಿಡಿಕಂಬಿ ಇದೆಯೆ,
ಊಟದ ಪಟ್ಟಿ ಗೋಡೆಗೆ ಅಂಟಿಸಿದೆಯೆ.
ಎಲ್ಲ ಇದೆ. ಪಟ್ಟಿಯ ಗೋಂದು ಇನ್ನೂ ಹಸಿ:
ಮಂಗಳವಾರ ಬಸ್ಸಾರು, ಬುಧವಾರ ಉಪ್ಸಾರು,
ಭಾನುವಾರ ಕೋಳಿ, ತಿನ್ನುವವರಿಗೆ.

ಗುತ್ತಲು ರಸ್ತೆಯ ಈ ಆರೈಕೆ ಮನೆಗೆ
ನಾನು ಬರುವುದು ನಿನ್ನೆಯೇ ಗೊತ್ತಿತ್ತು.
ಫಿನಾಯಿಲ್ ವಾಸನೆ ಗೇಟಿನ ತನಕ ಬಂದು
ಕೈಮುಗಿದು ಒಳಗೆ ಕರೆದೊಯ್ದಿತು.
ಹೊಸ ಬೆಡ್‌ಶೀಟು, ಅಂಗಡಿಯ ಮಡಿಕೆ ಗೆರೆ ಹಾಗೇ ಉಳಿದದ್ದು.

ಮೂವತ್ತೊಂದು ವರ್ಷ ಮೈಸೂರಿನ ದೊಡ್ಡಾಸ್ಪತ್ರೆಯಲ್ಲಿ
ಬಿಳಿ ಸೀರೆ ಉಟ್ಟವಳು ನಾನು. ನನ್ನ ಪ್ರಶ್ನೆ ಬೇರೆ.
ಹಿಮ್ಮಡಿ ಎತ್ತಿ ನೋಡುತ್ತೇನೆ.
ಉಗುರಿನ ಸಂದಿ, ಕಿವಿಯ ಹಿಂದೆ, ಹಲ್ಲುಸೆಟ್ಟಿನ ಡಬ್ಬಿಯ ತಳ.
ನೀರಿನ ಲೋಟ ಮಂಚದಿಂದ ಎಷ್ಟು ದೂರ;
ಕೈಗೆಟುಕದ ನೀರು ಫಾರಮ್ಮಿಗೆ ಮಾತ್ರ ನೀರು.
ಕರೆಗಂಟೆ ಒತ್ತಿ ಗಡಿಯಾರ ನೋಡುತ್ತೇನೆ.
ಹನ್ನೊಂದೇ ಸೆಕೆಂಡಿಗೆ ಮೂವರು ಓಡಿಬಂದರು.
ಅದರಲ್ಲೊಬ್ಬ ಡ್ರೈವರು.

ಆಮೇಲೆ ತೂಕದ ರಿಜಿಸ್ಟರು.
ನಿಂಗಾಜಮ್ಮ, ಎಂಬತ್ಮೂರು, ಮಂಚ ಒಂಬತ್ತು.
ಜೂನ್ ನಲವತ್ತೆಂಟು. ಜುಲೈ ನಲವತ್ತೆಂಟು.
ಆಗಸ್ಟೂ ನಲವತ್ತೆಂಟು. ಒಂದೇ ಪೆನ್ನು, ಒಂದೇ ಓರೆ.
ಆಕೆ ಕೈ ಎತ್ತಿದರೆ ಬಳೆ ಮೊಣಕೈ ದಾಟಿ ಜಾರುತ್ತಿತ್ತು.
ತೂಕದ ಯಂತ್ರ ತನ್ನಿ ಅಂದೆ.
ಮ್ಯಾನೇಜರು ನಕ್ಕು ಯಾರನ್ನೋ ಕೂಗಿದರು,
ಆ ಯಾರೋ ಮತ್ಯಾರನ್ನೋ.
ಅರ್ಧ ಗಂಟೆಯ ಮೇಲೆ ಬಂತು,
ಮೈಮೇಲಿನ ಪ್ಲಾಸ್ಟಿಕ್ಕು ಬಿಚ್ಚದೆ.

ಕಿಟಕಿ ಪಕ್ಕದ ಹೊಂಬಾಳಯ್ಯ ಕೆಮ್ಮಿದರು, ಬೇಕೆಂದೇ.
ಸಕ್ಕರೆ ಕಾರ್ಖಾನೆಯ ಗೇಟಿನಲ್ಲಿ ಇಪ್ಪತ್ತೆಂಟು ಹಂಗಾಮು
ಕಬ್ಬಿನ ಗಾಡಿ ತೂಗಿದವರು.
"ಹೇಳ್ಕಳಿಸ್ಬುಟ್ಟು ಬಂದ್ರೆ ಏನ್ ತೂಗೀರವ್ವ?
ತುಂಬಿದ್ ಗಾಡಿ ಒಂದ್ಸಲ ತೂಗ್ಬೇಕು,
ಬರೀ ಗಾಡಿ ಇನ್ನೊಂದ್ಸಲ.
ಕಳದ್ರೇನೆ ಕಬ್ಬು.
ನೀವು ಬಂದಿರಾ ದಿನ ಒಂದ್ ತೂಕ,
ಬರ್ದೇ ಇರಾ ದಿನ ಒಂದ್ ತೂಕ.
ಕಳೀರಿ."

ಕಳೆಯಲೆಂದೇ ಮತ್ತೆ ಹೋದೆ, ರಾತ್ರಿ ಎರಡೂವರೆಗೆ.
ಕರೆಗಂಟೆಯ ಸ್ವಿಚ್ಚು ಆಫ್, ಮೇಲಿನವರ ನಿದ್ದೆ ಕೆಡದಿರಲೆಂದು.
ಹೊಸ ಬೆಡ್‌ಶೀಟು ಬೀರುವಿಗೆ ವಾಪಸ್ಸು.
ಹದಿನಾಲ್ಕು ಮಂಚಕ್ಕೆ ಒಬ್ಬಳೇ ಫಿಲೋಮಿನ,
ಬೀಗ ತೆಗೆದವಳು ನನ್ನನ್ನು ಅಲ್ಲೇ ಬಿಟ್ಟು ಓಡಿದಳು.
ನಿಂಗಾಜಮ್ಮನ ಮಗ್ಗುಲು ಬದಲಿಸುವುದು ಅರ್ಧಕ್ಕೆ ನಿಂತಿತ್ತು.
ತನ್ನ ಹಳೆ ಸೀರೆ ಸುತ್ತಿದ ದಿಂಬು ಬೆನ್ನಿಗೆ ಕೊಟ್ಟು,
"ಎಡಕ್ಕೆ ತಿರುಗಿಸ್ಲಾ ಅಜ್ಜಿ?" ಎಂದು ಕೇಳಿ,
ಉತ್ತರ ಬರುವ ತನಕ ಕಾದು.
ಇದನ್ನೆಲ್ಲ ಬರೆದಿಡುತ್ತೀಯಾ ಅಂದೆ.
"ಬರೆಯಕ್ ಕೂತ್ರೆ ಆರನೇ ಮಂಚಕ್ಕೆ ಹೊತ್ತಾಯ್ತದೆ ಸಿಸ್ಟರ್."
ಟಾರ್ಚು ಹಿಡಿದು ಹದಿನಾಲ್ಕು ಬೆನ್ನು ನೋಡಿದೆ.
ಒಂದರಲ್ಲೂ ಹುಣ್ಣಿಲ್ಲ.

ನಾನೂ ಬರೆದವಳೇ.
ಎಂಬತ್ತೊಂಬತ್ತರ ಒಂದು ರಾತ್ರಿ, ಹೆಂಗಸರ ವಾರ್ಡು,
ನಲವತ್ತು ಹಾಸಿಗೆಗೆ ಎರಡು ಥರ್ಮಾಮೀಟರು, ಒಂದು ಒಡೆದದ್ದು.
ತೊಂಬತ್ತೆಂಟು ಪಾಯಿಂಟ್ ನಾಲ್ಕು, ತೊಂಬತ್ತೆಂಟು ಪಾಯಿಂಟ್ ನಾಲ್ಕು,
ಸಾಲಾಗಿ, ದುಂಡಗೆ, ಬೆಳಗಿನ ಜಾವ.
ಹದಿನೇಳನೆಯವಳ ಮೈ ಸುಡುತ್ತಿದ್ದದ್ದು
ಡಾಕ್ಟರು ಮುಟ್ಟಿದಾಗ ತಿಳಿಯಿತು.
ಅವಳು ಬದುಕಿಕೊಂಡಳು.
ಅದು ನನ್ನ ಖಾತೆಗೆ ಜಮೆಯಾಗುವುದಿಲ್ಲ.

ಕೊನೆಯ ಪುಟದಲ್ಲಿ ಮೂರು ಚೌಕ.
ಕಳಪೆ ಅಂದರೆ ಮೊದಲು ಕೆಲಸ ಹೋಗುವುದು ಫಿಲೋಮಿನಳದ್ದು;
ದಾಖಲೆ ಇಡದವಳು ಅವಳು ತಾನೆ.
ಉತ್ತಮ ಅಂದರೆ ಆ ಪ್ಲಾಸ್ಟಿಕ್ಕು ಮತ್ತೆ ಸುತ್ತಿಕೊಳ್ಳುತ್ತದೆ.
ಸಾಧಾರಣ ಅಂತ ಒಂದಿದೆ,
ನನ್ನಂಥವರು ಬೇಗ ಬಸ್ಸು ಹಿಡಿಯಲಿಕ್ಕೆ.

ಷರಾ ಎಂಬಲ್ಲಿ ಎರಡೇ ಗೆರೆ ಜಾಗ.
ನಿಂಗಾಜಮ್ಮ ಮೂವತ್ತೊಂಬತ್ತೂವರೆ, ನಾನೇ ತೂಗಿದ್ದು, ಅಂತ ಬರೆದೆ.
ಹದಿನಾಲ್ಕು ಬೆನ್ನಿನ ವಿಷಯ ಅಂಚಿನಲ್ಲಿ ಹತ್ತಿ,
ಮೇಲೆ ತಿರುಗಿ, ಮುದ್ರೆ ಒತ್ತುವ ಜಾಗವನ್ನೂ ತಿಂದಿತು.
ಚೌಕ ಮೂರೂ ಖಾಲಿ. ಆಫೀಸಿನಿಂದ ವಾಪಸ್ಸು ಬರುತ್ತದೆ, ಬರಲಿ.

ಹೊರಡುವಾಗ ಹೊಂಬಾಳಯ್ಯ ಎಚ್ಚರವಾಗೇ ಇದ್ದರು.
"ಕಳದ್ರಾ?"
ಇನ್ನೂ ಕಳೀತಾ ಇದ್ದೀನಿ ಅಂದೆ.
"ಹಂಗಾರೆ ಒಂದೀಟು ನೀರು ಕೊಟ್ಟೋಗಿ."
ಲೋಟ ಕಿಟಕಿಯ ಕಟ್ಟೆಯ ಮೇಲಿತ್ತು,
ಮುಚ್ಚಳ ಮುಚ್ಚಿ, ತುಂಬ ಚೊಕ್ಕಟವಾಗಿ,
ಅವರ ಕೈಯಿಂದ ಮೂರು ಹೆಜ್ಜೆ ಆಚೆ.